ಹಿತ್ತಲ ಬಾಗಿಲಿಗೆ ಬಂದ ಮಕ್ಕಳು

ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಯ ನ್ಯೂ ಟೌನಿಗೆ ಬಂದ ಹೊಸದರಲ್ಲಿ ನನಗೆ ಒಗ್ಗದೇ ಇದ್ದದ್ದು ಅತ್ತೆಯ ಬೆಳಗಿನ ಪ್ರಾರ್ಥನೆ. ನನ್ನ ತವರಿನಲ್ಲೂ ಪ್ರಾರ್ಥನೆ ಇತ್ತು. ಆದರೆ ನಮ್ಮಪ್ಪ ಕಣ್ಣು ಮುಚ್ಚಿ ತುಟಿಯಲ್ಲೇ ಮುಗಿಸುತ್ತಿದ್ದರು. ಅತ್ತೆಯದು ಹಾಗಲ್ಲ. ಉಕ್ಕಿನ ಕಾರ್ಖಾನೆಯ ಸೈರನ್ ಕೂಗಿ, ನನ್ನ ಗಂಡ ಊಟದ ಕ್ಯಾರಿಯರನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟ ಮೇಲೆ, ಅವರು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಮಣೆ ಹಾಕಿಕೊಂಡು ಕೂತು, ಬೇಲಿಯಾಚೆಯ ಪಕ್ಕದ ಮನೆಯವರ ಹತ್ತಿರ ಮಾತಾಡುವಷ್ಟೇ ಗಟ್ಟಿಯಾಗಿ ದೇವರ ಹತ್ತಿರ ಮಾತಾಡುತ್ತಿದ್ದರು. ಮಗನ ಪಾಳಿ ಬದಲಾದದ್ದು, ಕೊಳಾಯಿಯಲ್ಲಿ ನೀರು ಸಣ್ಣಗೆ ಬರುವುದು, ಸೊಸೆಗೆ ಇನ್ನೂ ಸಾರು ಮಾಡಲು ಬಾರದ್ದು, ಎಲ್ಲವೂ ಅಲ್ಲಿ ವರದಿಯಾಗುತ್ತಿತ್ತು. ಒಳಗೆ ಒಲೆಯ ಮುಂದೆ ಕೂತ ನನಗೆ ಎಲ್ಲ ಕೇಳಿಸುತ್ತಿತ್ತು. ಕೇಳಿಸಲಿ ಅಂತಲೇ ಅವರು ಹೇಳುತ್ತಿದ್ದರು ಎಂದು ನನಗೆ ಆಗ ಅನ್ನಿಸುತ್ತಿತ್ತು. ಅವರು ಯಾರ ಹತ್ತಿರವೂ ಬೇರೆ ದನಿಯಲ್ಲಿ ಮಾತಾಡಿದವರೇ ಅಲ್ಲ ಎಂದು ತಿಳಿಯಲು ಸ್ವಲ್ಪ ಕಾಲ ಬೇಕಾಯಿತು.

ಮಾವ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅದೇ ಕ್ವಾರ್ಟರ್ಸಿನಲ್ಲಿ ಈಗ ಮಗನ ಸಂಸಾರ. ಐವತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಸಾಲಿನ ಮನೆಗಳ ಹಿಂದೆ ಒಂದು ಓಣಿ, ಓಣಿಯ ಕೊನೆಯಲ್ಲಿ ಎಲ್ಲರೂ ಒಲೆಯ ಬೂದಿ ಸುರಿಯುವ ಜಾಗ. ರೈಲು ಹಳಿಯ ಪಕ್ಕದ ಗುಡಿಸಲುಗಳಿಂದ ಮಕ್ಕಳು ಬಂದು ಆ ಬೂದಿಯನ್ನು ಕೆದಕಿ, ಅರ್ಧ ಉರಿದು ಉಳಿದ ಇದ್ದಿಲಿನ ಚೂರುಗಳನ್ನು ಆರಿಸಿಕೊಂಡು ಹೋಗುತ್ತಿದ್ದವು. ಒಣಹಾಕಿದ ಬಟ್ಟೆಗೆ ಬೂದಿ ಹಾರುತ್ತದೆ ಎಂದು ಅತ್ತೆ ಅವರನ್ನು ಓಡಿಸುತ್ತಿದ್ದರು. ಎಲ್ಲ ಮನೆಯವರೂ ಓಡಿಸುತ್ತಿದ್ದರು.

ಒಂದು ಬೆಳಿಗ್ಗೆ ಪ್ರಾರ್ಥನೆ ನಡುವಿನಲ್ಲಿ ನಿಂತುಹೋಯಿತು. ಅತ್ತೆ ತಮ್ಮ ವರದಿಯೆಲ್ಲ ಮುಗಿಸಿ, ಕೊನೆಗೆ ಕರ್ತನು, ಅಂದರೆ ಯೇಸು, ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತಿದ್ದರು. ಅದರಲ್ಲಿ ದಿನದ ಆಹಾರ ಕೇಳುವ ಸಾಲಿನವರೆಗೆ ಬಂದವರು ಮುಂದೆ ಹೋಗಲಿಲ್ಲ. ಏನಾಯಿತೋ ಎಂದು ನಾನು ಹೊರಗೆ ಬಂದೆ. ಅವರು ಕಣ್ಣು ತೆರೆದು ಬೇಲಿಯ ಕಡೆ ನೋಡುತ್ತಿದ್ದರು. ಅಲ್ಲಿ ಏಳೆಂಟು ವರ್ಷದ ಒಬ್ಬಳು ಹುಡುಗಿ, ಸೊಂಟದ ಮೇಲೆ ಒಂದು ಗಂಡು ಪಾಪು. ಪಾಪುವಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಅದು ಏನನ್ನೋ ಕಟಕಟ ಕಡಿಯುತ್ತಿತ್ತು.

"ಏ ಹುಡ್ಗಿ! ಪಾಪು ಬಾಯಲ್ಲಿರೋದನ್ನ ತೆಗಿಯೇ!" ಅತ್ತೆ ಕೂಗಿದರು.

ಹುಡುಗಿ ಓಡಲಿಲ್ಲ. ತಮ್ಮನ ಬಾಯಿಗೆ ಬೆರಳು ಹಾಕಿ ಒಂದು ಇದ್ದಿಲಿನ ಚೂರು ತೆಗೆದಳು. "ಬಿಸಾಕಿದ್ರೆ ಅಳ್ತಾನಮ್ಮಾ. ಏನಾದ್ರೂ ಬಾಯಲ್ಲಿರ್ಬೇಕು ಇವನಿಗೆ," ಅಂದಳು.

ಅತ್ತೆ ನನ್ನ ಕಡೆ ತಿರುಗಿ, "ನಿನ್ನೆ ಮುದ್ದೆ ಉಳಿದಿತ್ತಲ್ಲ, ಮಜ್ಜಿಗೇಲಿ ಕಿವುಚಿ ತಗೊಂಡು ಬಾ," ಅಂದರು. ಆಮೇಲೆ ಮೇಲೆ ನೋಡಿ, "ಉಳಿದಿದ್ದು ಆಮೇಲೆ ಹೇಳ್ತೀನಿ, ಸ್ವಾಮಿ," ಎಂದು ಎದ್ದರು.

ಹುಡುಗಿ ಜಗಲಿಯ ತುದಿಯಲ್ಲಿ ಕೂತು ಮೊದಲು ತಮ್ಮನಿಗೆ ತಿನ್ನಿಸಿದಳು. ತಾನು ಬಟ್ಟಲು ಬಳಿದು ನೆಕ್ಕಿದಳು. ನಾನು ಇನ್ನೊಂದಷ್ಟು ತಂದೆ. ಹೋಗುವಾಗ ಅತ್ತೆ, "ನಾಳೆ ಬೂದಿ ಕೆದಕೋಕೆ ಮುಂಚೆ ಇಲ್ಲಿಗೆ ಬಾ," ಅಂದರು.

ಸಂಜೆ ನನ್ನ ಗಂಡ ಇದನ್ನು ಕೇಳಿ ನಕ್ಕರು. "ಒಂದು ದಿನ ಹಾಕಿದ್ರೆ ದಿನಾ ಬರ್ತಾರಮ್ಮ."

"ದಿನಾ ಹಸಿವಾಗುತ್ತೆ, ದಿನಾ ಬರ್ತಾರೆ. ನೀನು ದಿನಾ ಬರಲ್ವಾ ತಟ್ಟೆ ಮುಂದೆ?"

ನಾನು ಆಗಷ್ಟೇ ಟೀಚರ್ ಟ್ರೈನಿಂಗ್ ಮುಗಿಸಿ ಬಂದವಳು. ಇಂಥದ್ದಕ್ಕೆಲ್ಲ ಸರ್ಕಾರ ಯೋಜನೆ ಮಾಡುತ್ತಿದೆ, ಒಬ್ಬೊಬ್ಬರು ಗಂಜಿ ಹಾಕಿ ಬಡತನ ಹೋಗುವುದಿಲ್ಲ ಎಂದು ನನಗೆ ಗೊತ್ತಿದ್ದನ್ನು ಹೇಳಿದೆ. ಅತ್ತೆ ಸಮಾಧಾನವಾಗಿ ಕೇಳಿಸಿಕೊಂಡರು.

"ಮಾಡ್ಲಿ ಮಾರಾಯ್ತಿ, ಸರ್ಕಾರ ಮಾಡೋದನ್ನ ಮಾಡ್ಲಿ. ಆದ್ರೆ ಆ ಹುಡುಗಿ ಬಂದು ನಿಂತಾಗ ಜಗಲಿ ಮೇಲೆ ಸರ್ಕಾರ ಕೂತಿರ್ಲಿಲ್ಲ. ನಾನು ಕೂತಿದ್ದೆ. ಬಾಯಲ್ಲಿ ಅನ್ನದ ಮಾತೇ ಇತ್ತು. ಅದನ್ನ ಹೇಳ್ಕೊಂಡು ಅವಳನ್ನ ನೋಡ್ದೇ ಇರೋಕೆ ನನ್ನಿಂದ ಆಗ್ಲಿಲ್ಲ."

ಹಾಗೆ ಶುರುವಾಯಿತು. ಪಕ್ಕದ ಮನೆಯಲ್ಲಿ ಒಬ್ಬ ಬೀಬಿ ಇದ್ದರು, ಗಂಡ ಕಾರ್ಖಾನೆಯ ಲಾರಿಗಳ ಮೆಕ್ಯಾನಿಕ್. ಅವರ ಮನೆಯಲ್ಲಿ ದಖನಿ ಉರ್ದು, ಬೇಲಿಯ ಹತ್ತಿರ ಕನ್ನಡ. ಅವರು ತಮ್ಮ ಮಗನಿಗೆ ಚಿಕ್ಕದಾದ ಅಂಗಿಗಳನ್ನು ಬೇಲಿಯ ಮೇಲಿಂದ ದಾಟಿಸಿದರು. ಪಾಪುವಿಗೆ ಅವು ಮೊಣಕಾಲವರೆಗೆ ಬರುತ್ತಿದ್ದವು. ಅತ್ತೆ ಮಕ್ಕಳಿಬ್ಬರಿಗೂ ಎಣ್ಣೆ ಹಚ್ಚಿ, ಹಂಡೆಯ ನೀರು ಹುಯ್ದು, ಸೀಗೇಪುಡಿ ತಿಕ್ಕುತ್ತಿದ್ದರು. ಹುಡುಗಿ ಕಣ್ಣುರಿ ಎಂದು ಕಿರುಚುವುದು, ಅತ್ತೆ ಅದಕ್ಕಿಂತ ಜೋರಾಗಿ ಗದರುವುದು, ಬೀಬಿ ಬೇಲಿಯಾಚೆಯಿಂದ ನಗುವುದು. ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಮೊದಲ ಸಲ ಬಾಯಿ ತುಂಬ ನಕ್ಕದ್ದು ಅಂಥದೊಂದು ಬೆಳಿಗ್ಗೆ.

ಭಾನುವಾರ ಆರಾಧನೆ ಮುಗಿದ ಮೇಲೆ ಅತ್ತೆ ನಮ್ಮ ಸಭೆಯ ಅಯ್ಯನವರನ್ನು, ಅಂದರೆ ಪಾಸ್ಟರನ್ನು, ದೇವಾಲಯದ ಹೊರಗೆ ಹಿಡಿದು ನಿಲ್ಲಿಸಿದರು. ಹಳಿ ಪಕ್ಕದ ಮಕ್ಕಳಿಗೆ ಸಭೆ ಏನಾದರೂ ಮಾಡಬೇಕು ಎಂದರು. ಅಯ್ಯನವರು ಒಳ್ಳೆಯವರು, ಮೆತ್ತಗೆ ಮಾತಾಡುವವರು. ಹೊರದೇಶದಿಂದ ಹಾಲಿನ ಪುಡಿಯ ಡ್ರಮ್ಮು ಬಂದಿದೆ, ಶನಿವಾರ ಹಂಚುತ್ತೇವೆ, ಮಕ್ಕಳನ್ನು ಕಳಿಸಿ ಎಂದರು. ಅತ್ತೆ ತಾವೇ ಕರೆದುಕೊಂಡು ಹೋದರು. ಮಕ್ಕಳು ಡಬ್ಬ ಹಿಡಿದು ಸಾಲಾಗಿ ನಿಂತಿದ್ದವು. ಒಬ್ಬರು ಸೌಟಿನಲ್ಲಿ ಪುಡಿ ಅಳೆದು ಹಾಕುತ್ತಿದ್ದರು. ಹುಡುಗಿ ಅದನ್ನು ಹಾಗೇ ಕೊಳಾಯಿ ನೀರಿನಲ್ಲಿ ಕಲಸಿ ತಮ್ಮನಿಗೆ ಕುಡಿಸಿದಳು. ಮಾರನೆಯ ದಿನ ಪಾಪುವಿಗೆ ಭೇದಿ.

"ಸಾಲಲ್ಲಿ ನಿಲ್ಲಿಸಿದ್ರೆ ಕೊಡೋರಿಗೆ ಡಬ್ಬಾನೇ ಕಾಣುತ್ತೆ, ಮಗು ಕಾಣಲ್ಲ," ಎಂದು ಅತ್ತೆ ಮುಂದಿನ ಭಾನುವಾರ ಅಯ್ಯನವರಿಗೆ ಹೇಳಿಯೇ ಬಿಟ್ಟರು. ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ಅಯ್ಯನವರು ಸಿಟ್ಟಾಗಲಿಲ್ಲ. ಯೋಚನೆ ಮಾಡಿ ಇನ್ನೊಂದು ದಾರಿ ಹೇಳಿದರು. ಶಿವಮೊಗ್ಗದಲ್ಲಿ ಬಡ ಹೆಣ್ಣುಮಕ್ಕಳಿಗೆ ಮಿಷನ್ನಿನವರ ಹಾಸ್ಟೆಲ್ ಇದೆ, ಊಟ, ಬಟ್ಟೆ, ಶಾಲೆ ಎಲ್ಲ ಅಲ್ಲೇ, ಹುಡುಗಿಯನ್ನು ಸೇರಿಸೋಣ ಎಂದರು. ಅತ್ತೆಗೆ ಖುಷಿಯೋ ಖುಷಿ. ನನಗೂ ಅದು ಸರಿಯಾದ ದಾರಿ ಅನ್ನಿಸಿತು. ಮಾರನೆಯ ದಿನ ನಾನೇ ಹುಡುಗಿಯನ್ನು ಕೂರಿಸಿಕೊಂಡು ಹಾಸ್ಟೆಲಿನ ಚಂದ ಹೇಳಿದೆ. ಮಲಗಲು ಚಾಪೆ, ಸ್ಲೇಟು, ಜಡೆಗೆ ರಿಬ್ಬನ್, ಜೊತೆಗೆ ಆಡಲು ಬೇಕಾದಷ್ಟು ಹುಡುಗಿಯರು. ಅವಳು ಕಣ್ಣು ಅರಳಿಸಿ ಕೇಳಿ, "ತಮ್ಮನಿಗೂ ಜಾಗ ಇದೆಯಾ?" ಅಂದಳು.

ಆ ಸಂಜೆ ಅವಳ ತಾಯಿ ಬಂದಳು. ಅಲ್ಲಿಯವರೆಗೆ ನಾವು ಅವಳನ್ನು ನೋಡಿರಲಿಲ್ಲ. ಸೇಲಂ ಕಡೆಯಿಂದ ಗಂಡನ ಜೊತೆ ಕೂಲಿಗೆ ಬಂದವಳು. ಗಂಡ ಅಣೆಕಟ್ಟಿನ ಕೆಲಸಕ್ಕೆ ಅಂತ ಲಕ್ಕವಳ್ಳಿ ಕಡೆ ಹೋದವನು ಹಿಂದಿರುಗಿರಲಿಲ್ಲ. ಇವಳು ಕಾರ್ಖಾನೆಗೆ ಬರುವ ಲಾರಿಗಳಿಂದ ಇದ್ದಿಲಿನ ಬುಟ್ಟಿ ಇಳಿಸುವ ಕೆಲಸ ಮಾಡುತ್ತಿದ್ದಳು. ಇಪ್ಪತ್ತೈದಾಗಿತ್ತೋ ಇಲ್ಲವೋ. ಕಣ್ಣಿನ ಅಂಚಿನಲ್ಲಿ ಇದ್ದಿಲಿನ ಪುಡಿ ಕಾಡಿಗೆಯ ಹಾಗೆ ನಿಂತಿತ್ತು. ಬೇಲಿಯ ಒಳಗೆ ಬನ್ನಿ ಅಂದರೂ ಬರಲಿಲ್ಲ.

"ನನ್ ಪಿಳ್ಳೆಗಳಿಗೆ ಅನ್ನ ಹಾಕಿದ್ರಿ ಅಮ್ಮಾ, ಕೈ ಮುಗೀತೀನಿ," ಎಂದಳು. "ಆದ್ರೆ ಅನ್ನ ಹಾಕಿದ್ದಕ್ಕೆ ಪಿಳ್ಳೆನೇ ಎತ್ಕೊಂಡು ಹೋಗ್ತೀರಾ? ಕೇಳೋಕೆ ತಾಯಿ ಒಬ್ಬಳಿದ್ದಾಳೆ ಅಂತ ನೆನಪಾಗ್ಲಿಲ್ವಾ ನಿಮಗೆ? ಬಡವಳು ಅಂತ ಮಕ್ಕಳನ್ನೂ ಕೊಟ್ಟುಬಿಡ್ತಾಳೆ ಅಂದ್ಕೊಂಡ್ರಾ?"

ಅಷ್ಟು ಹೇಳಿ ಹುಡುಗಿಯ ಕೈ ಹಿಡಿದು ದರದರ ಎಳೆದುಕೊಂಡು ಹೋದಳು.

ಮಕ್ಕಳು ಬರುವುದು ನಿಂತಿತು. ಅತ್ತೆ ದಿನವೂ ಗಂಜಿ ಮಾಡಿಸುವುದನ್ನು ನಿಲ್ಲಿಸಲಿಲ್ಲ. ಮಧ್ಯಾಹ್ನದವರೆಗೆ ಬಾಗಿಲು ತೆರೆದಿಟ್ಟು, ಆಮೇಲೆ ಅದನ್ನು ಬೀಬಿಯ ಮೇಕೆಗೆ ಹಾಕಿಸುತ್ತಿದ್ದರು. ಪ್ರಾರ್ಥನೆಗೆ ಕೂರುತ್ತಿದ್ದರು, ಆದರೆ ದನಿಯೇ ಇಲ್ಲ. ಸಾರಿನ ದೂರೂ ಇಲ್ಲ. ನನಗೆ ಆ ಮೌನಕ್ಕಿಂತ ದೂರೇ ವಾಸಿ ಅನ್ನಿಸತೊಡಗಿತು.

ಒಂದು ಬೆಳಿಗ್ಗೆ ಬೀಬಿ ಬೇಲಿಯ ಹತ್ತಿರ ಬಂದು, "ಏನಮ್ಮಾ, ದೇವರ ಸಂಗಡ ಮಾತು ಬಿಟ್ಟಿದ್ದೀರಾ? ಬೆಳಗಾಗಿದ್ದೇ ಗೊತ್ತಾಗಲ್ಲ ನಮಗೆ," ಅಂದರು.

"ಅವನಿಗೆ ಏನಂತ ಹೇಳ್ಲಿ ಬೀಬಿ? ಮುಖ ಇಲ್ಲ ನಂಗೆ. ಕೊಡ್ತೀನಿ ಅಂತ ಹೋಗಿ ಕಸ್ಕೊಳ್ಳೋಕೆ ನೋಡ್ದೆ."

"ಅದನ್ನ ಅವನಿಗೆ ಯಾಕೆ ಹೇಳ್ತೀರಿ? ಅವನಿಗೆ ಗೊತ್ತಿರುತ್ತೆ. ಆ ಹೆಂಗಸಿಗೆ ಹೋಗಿ ಹೇಳಿ ಜೀ."

ಅತ್ತೆ ಅದನ್ನು ಆ ವಾರವೆಲ್ಲ ಯೋಚಿಸಿದರು. ಭಾನುವಾರ ಆರಾಧನೆ ಮುಗಿದದ್ದೇ ಮನೆಗೆ ಹೋಗದೆ, ನನ್ನ ತೋಳು ಹಿಡಿದುಕೊಂಡು ಹಳಿಯ ಕಡೆ ನಡೆದರು. ಹಳೇ ತಗಡು, ಗೋಣಿ, ಡಾಂಬರಿನ ಡ್ರಮ್ಮು ಕತ್ತರಿಸಿ ಮಾಡಿದ ಗೋಡೆಗಳ ಗುಡಿಸಲುಗಳು. ಹುಡುಗಿ ನಮ್ಮನ್ನು ಕಂಡು ಓಡಿ ಬಂದು ಅತ್ತೆಯ ಸೀರೆ ಹಿಡಿದಳು. ತಾಯಿ ಮೂರು ಕಲ್ಲಿನ ಒಲೆಯ ಮುಂದೆ ಇದ್ದಳು. ಎದ್ದು ನಿಂತಳು. ಎಲ್ಲಿ ಕೂರಿಸುವುದು ಎಂದು ಅತ್ತ ಇತ್ತ ನೋಡಿದಳು. ಅತ್ತೆ ಆರಾಧನೆಗೆಂದು ಉಟ್ಟ ಬಿಳಿ ಸೀರೆಯಲ್ಲೇ ನೆಲಕ್ಕೆ ಕೂತರು.

"ಊಟ ಆಯ್ತಾ ಅಮ್ಮಾ?" ತಾಯಿ ಬಾಯಿಮಾತಿಗೆ ಕೇಳಿದಳು.

"ಇಲ್ಲ. ನೀನು ಹಾಕಿದ್ರೆ ಆಗುತ್ತೆ."

ಅವಳು ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಅಲ್ಯೂಮಿನಿಯಂ ತಟ್ಟೆ ತೊಳೆದು ರಾಗಿ ಮುದ್ದೆ, ಹುಣಸೆ ಹುಳಿಯ ಒಣಮೀನಿನ ಸಾರು ಬಡಿಸಿದಳು. ಅತ್ತೆ ನಿಧಾನವಾಗಿ ಉಂಡರು. ಸಾರನ್ನು ಎರಡನೇ ಸಲ ಹಾಕಿಸಿಕೊಂಡರು. "ಇದನ್ನ ನನ್ನ ಸೊಸೆಗೆ ಸ್ವಲ್ಪ ಹೇಳ್ಕೊಡು," ಅಂದರು. ತಾಯಿಗೆ ನಗು ಬಂತು. ನನಗೂ ಬಂತು. ಆ ನಗುವಿನಲ್ಲೇ ಮುಂದಿನ ಮಾತು ಸುಲಭವಾಯಿತು.

"ತಪ್ಪಾಯ್ತು ಕಣಮ್ಮ," ಅತ್ತೆ ಹೇಳಿದರು. "ಮಕ್ಕಳು ನಿನ್ನವು, ನಿನ್ನ ಹತ್ರಾನೇ ಇರ್ಲಿ. ಕೆಲಸಕ್ಕೆ ಹೋಗುವಾಗ ನಮ್ಮನೇಲಿ ಬಿಟ್ಟು ಹೋಗು, ಸಂಜೆ ಕರ್ಕೊಂಡು ಹೋಗು. ಲಾರಿ ಓಡಾಡೋ ಜಾಗ, ರೈಲು ಬೇರೆ."

"ಸುಮ್‌ಸುಮ್ನೆ ಯಾಕೆ ಮಾಡ್ತೀರಾ? ನಿಮ್ ದೇವ್ರಿಗೆ ಸೇರಿಸ್ಕೊಳ್ಳೋಕಾ?"

"ಅವನಿಗೆ ಯಾರು ಬೇಕೋ ಅವನೇ ಕರ್ಕೊಳ್ತಾನೆ, ಆ ಕೆಲಸ ನಂಗೆ ಕೊಟ್ಟಿಲ್ಲ. ಮುಂದೆ ಬಂದ ಮಗೂಗೆ ಅನ್ನ ಹಾಕು ಅಂದಿದ್ದಾನೆ. ಅಷ್ಟನ್ನೇ ಸರಿಯಾಗಿ ಮಾಡೋಕೆ ಬರ್ತಿಲ್ಲ ನಂಗೆ, ನೋಡಿದ್ಯಲ್ಲ."

ತಾಯಿ ಒಲೆಯ ಕೊಳ್ಳಿ ಸರಿಸಿದಳು. "ಹಂಗಾದ್ರೆ ಸಂಜೆ ಬಂದಾಗ ನಿಮ್ ಸೌದೆ ನಾನು ಸೀಳಿಕೊಡ್ತೀನಿ. ಬೇಡ ಅನ್ನಬಾರ್ದು," ಅಂದಳು. ಅತ್ತೆ ಬೇಡ ಅನ್ನಲು ಬಾಯಿ ತೆರೆದರು. ನಾನು ಹಿಂದಿನಿಂದ ಮೆಲ್ಲಗೆ ಚಿವುಟಿದೆ. "ಆಗ್ಲಿ," ಅಂದರು.

ಅಲ್ಲಿಂದ ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಪ್ರಾರ್ಥನೆಗೆ ದನಿ ಮರಳಿತು. ಆದರೆ ಪಾಪು ತೊಡೆಯೇರಿ ಅತ್ತೆಯ ಓಲೆ ಹಿಡಿದು ಎಳೆಯುತ್ತಿದ್ದರಿಂದ ಅದು ಮೊಟಕಾಯಿತು. ನಾನು ಹುಡುಗಿಗೆ ಅ ಆ ಇ ಈ ಹೇಳಿಕೊಡಲು ಹಿಡಿದೆ. ಅವಳು ಕಲಿತದ್ದನ್ನು ಮಧ್ಯಾಹ್ನ ಬೀಬಿಯ ಮಗನಿಗೆ ಬೆತ್ತ ಹಿಡಿದು ಕಲಿಸುತ್ತಿದ್ದಳು. ಸಂಜೆ ತಾಯಿ ಬಂದು ಸೌದೆ ಸೀಳುವಾಗ ಅತ್ತೆ ಪಕ್ಕದಲ್ಲಿ ಕೂತು ಅವಳ ಊರಿನ ಕತೆ ಕೇಳುತ್ತಿದ್ದರು. ಅರ್ಧ ತಮಿಳು ಅರ್ಧ ಕನ್ನಡದ ಆ ಮಾತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಗದರಿಕೊಳ್ಳುವ ಮಟ್ಟಕ್ಕೆ ಬಂದರು.

ಮುಂದಿನ ಮಳೆಗಾಲದ ಹೊತ್ತಿಗೆ ಪಾಪುವಿಗೆ ದಡಾರ ಬಂತು. ದಡಾರ ಇಳಿದರೂ ಜ್ವರ ಇಳಿಯಲಿಲ್ಲ, ಉಸಿರು ಎದೆಯಲ್ಲಿ ಗೊರಗೊರ ಅನ್ನತೊಡಗಿತು. ಅತ್ತೆ ಮತ್ತು ತಾಯಿ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ನಾನೂ ಹುಡುಗಿಯನ್ನು ಬೀಬಿಯ ಹತ್ತಿರ ಬಿಟ್ಟು ಜೊತೆಗೆ ಹೋದೆ. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ವಾರ್ಡು ತುಂಬಿತ್ತು. ಡಾಕ್ಟರು ನೋಡಿ, ಸೂಜಿ ಹಾಕಿಸಿ, "ಮೈಯಲ್ಲಿ ಶಕ್ತಿ ಇದ್ದಿದ್ರೆ ಇಷ್ಟಾಗ್ತಿರ್ಲಿಲ್ಲ. ಆದ್ರೂ ಸ್ವಲ್ಪ ತಿಂದು ಬೆಳೆದಿದ್ದಾನೆ. ನೋಡೋಣ," ಅಂದರು. ಆ 'ಸ್ವಲ್ಪ ತಿಂದು' ಅನ್ನುವ ಮಾತಿಗೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ನನಗೆ ಕಾಣಿಸಿತು.

ತಾಯಿಗೂ ಅತ್ತೆಗೂ ಮಂಚದ ಪಕ್ಕದ ನೆಲವೇ ಮನೆಯಾಯಿತು. ಒಬ್ಬರು ಮಲಗಿದರೆ ಇನ್ನೊಬ್ಬರು ಕೂರುತ್ತಿದ್ದರು. ನಾನು ತವರಿನಿಂದ ಅನ್ನ ಹೊತ್ತು ತರುತ್ತಿದ್ದೆ. ಅಯ್ಯನವರು ಭದ್ರಾವತಿಯಿಂದ ಬಂದರು. ಬಾಗಿಲಲ್ಲೇ ನಿಂತು ತಾಯಿಯನ್ನು, "ನಾನು ಮಗುವಿಗಾಗಿ ಪ್ರಾರ್ಥನೆ ಮಾಡಬಹುದಾ?" ಎಂದು ಕೇಳಿದರು.

"ಮಾಡಿ ಸಾಮಿ. ನಮ್ ಮಾರಿಯಮ್ಮನಿಗೂ ಹೇಳ್ಕೊಂಡಿದೀನಿ," ಅಂದಳು ತಾಯಿ. ಅತ್ತೆ ಕಿಟಕಿಯ ಕಡೆ ನೋಡಿದರು. ಅಯ್ಯನವರು ಮಾತ್ರ "ಒಳ್ಳೇದಮ್ಮ" ಎಂದು ಮಂಡಿಯೂರಿದರು.

ಪಾಪು ಉಳಿದ. ಪಕ್ಕದ ಮಂಚದ ಮಗು ಉಳಿಯಲಿಲ್ಲ. ಅದೂ ಭದ್ರಾವತಿಯ ಕಡೆಯದೇ, ನಮ್ಮದೇ ಹಳಿಯ ಸಾಲಿನ ಆ ತುದಿಯ ಗುಡಿಸಲಿನದು. ಆ ಮಗುವಿನ ಮುಖವನ್ನು ಅತ್ತೆ ಅದಕ್ಕೆ ಮೊದಲು ನೋಡಿಯೇ ಇರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, ಗುಣವಾದ ಪಾಪು ತೊಡೆಯ ಮೇಲೆ ಮಲಗಿದ್ದರೂ, ಅವರು ಅದೊಂದನ್ನೇ ಹೇಳುತ್ತಿದ್ದರು: "ಅಷ್ಟು ಹತ್ರ ಇತ್ತಲ್ಲೇ. ಅಷ್ಟು ಹತ್ರ ಇತ್ತು."

ಆಮೇಲೆ ನಡೆದ ಹೆಂಗಸರ ಕೂಟದಲ್ಲಿ ಅವರು ಎದ್ದು ನಿಂತರು. ಹೆಚ್ಚು ಮಾತಾಡಲಿಲ್ಲ. "ದೂರದ ಅನಾಥರಿಗೆ ಕಾಣಿಕೆ ಕಳಿಸ್ತಾ ಇದೀವಿ, ಕಳಿಸೋಣ. ಅದರ ಜೊತೆಗೆ ಒಂದೊಂದು ಮನೆಯೋರು ಹಳಿ ಹತ್ರ ಹೋಗಿ ಒಬ್ಬ ತಾಯೀನ ಮಾತಾಡ್ಸಿ. ಮಗೂನ ಅಲ್ಲ, ಮೊದಲು ತಾಯೀನ," ಎಂದು ಹೇಳಿ ಕೂತರು. ಕೆಲವರು ಮುಖ ತಿರುಗಿಸಿದರು. ಒಬ್ಬರು, ಅವರ ಗಲೀಜು ನಮ್ಮ ಮಕ್ಕಳಿಗೆ ಅಂಟುತ್ತದೆ ಎಂದರು. ನಾಲ್ಕೈದು ಮನೆಯವರು ಮಾತ್ರ ನಿಜವಾಗಿ ಹೋದರು. ಅದರಲ್ಲೂ ಒಂದಿಬ್ಬರು ಬೇಗ ದಣಿದರು. ಅಯ್ಯನವರು ಶನಿವಾರದ ಸಾಲನ್ನು ನಿಲ್ಲಿಸಿ, ಹಾಲಿನ ಪುಡಿಯ ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಂಡು ಗುಡಿಸಲುಗಳ ಹತ್ತಿರ ಹೋಗಿ, ನೀರು ಕುದಿಸಿ, ತಾವೇ ಕಲಸಿ ಕುಡಿಸತೊಡಗಿದರು. ಮೊದಮೊದಲು ಗಂಟು ಗಂಟಾಗುತ್ತಿತ್ತಂತೆ.

ಎಲ್ಲ ಮಕ್ಕಳಿಗೂ ಒಳ್ಳೆಯದಾಯಿತು ಎಂದು ಹೇಳುವ ಹಾಗಿಲ್ಲ. ಕೂಲಿಯ ಮೇಸ್ತ್ರಿ ಬೇರೆ ಊರಿಗೆ ಕರೆದರೆ ಗುಡಿಸಲುಗಳು ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿದ್ದವು. ಹಾಗೆ ಹೋದ ಮಕ್ಕಳು ಏನಾದರೋ ನಮಗೆ ತಿಳಿಯಲಿಲ್ಲ. ಅತ್ತೆ ಅವರನ್ನು ಬೆಳಗಿನ ವರದಿಯಲ್ಲಿ ಸೇರಿಸಿಕೊಂಡಿದ್ದರು. ಹೆಸರು ಗೊತ್ತಿಲ್ಲದವರನ್ನು "ಆ ಕಿವಿ ಸೋರೋ ಹುಡುಗ", "ಆ ಕುಂಟೋ ಹುಡುಗಿ" ಎಂದು ದೇವರಿಗೆ ಗುರುತು ಹೇಳುತ್ತಿದ್ದರು.

ನಮ್ಮ ಹುಡುಗಿ ಶಾಲೆಗೆ ಸೇರಿದಳು. ಒಂದನೇ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ. ಚಿಕ್ಕ ಮಕ್ಕಳು ನಗುತ್ತಾರೆ ಎಂದು ಒಂದು ದಿನ ಅಳುತ್ತಾ ಬಂದಾಗ ಅತ್ತೆ, "ಎತ್ತರ ಇರೋಳಿಗೆ ಬೋರ್ಡು ಚೆನ್ನಾಗಿ ಕಾಣುತ್ತೆ, ಹೋಗು," ಎಂದು ಹಿಂದಕ್ಕೆ ಅಟ್ಟಿದರು. ಅಷ್ಟರಲ್ಲಿ ನನಗೂ ಟೀಚರ್ ಕೆಲಸ ಸಿಕ್ಕಿತ್ತು. ನನ್ನ ಮಗ ಹುಟ್ಟಿದಾಗ ಅವನನ್ನು ಆಡಿಸಿದವಳು ಅವಳೇ. ಏಳನೇ ತರಗತಿ ಮುಗಿಸಿದಳು. ಮುಂದೆ ಓದಿಸಬೇಕು ಎಂದು ನನಗೆ ಆಸೆ ಇತ್ತು. ತಾಯಿಯ ಬೆನ್ನು ಹಿಡಿದುಕೊಂಡಿತ್ತು, ಬುಟ್ಟಿ ಹೊರಲು ಆಗುತ್ತಿರಲಿಲ್ಲ. ಹುಡುಗಿ ತಾನೇ ನಿರ್ಧಾರ ಮಾಡಿ ಹೊಲಿಗೆ ಕಲಿತಳು. ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿದು ಮನೆ ನಡೆಸಿದಳು, ತಮ್ಮನನ್ನು ಹೈಸ್ಕೂಲಿಗೆ ಕಳಿಸಿದಳು. ನಾನು ಒಂದೆರಡು ದಿನ ಮುನಿಸಿಕೊಂಡಿದ್ದೆ. ಅತ್ತೆ ಮುನಿಸಿಕೊಳ್ಳಲಿಲ್ಲ.

ಅರವತ್ತರ ದಶಕದ ಕೊನೆಗೆ ಅವಳ ಮದುವೆ ಗೊತ್ತಾಯಿತು. ಹುಡುಗ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಕಾಗದನಗರದಲ್ಲಿ ಅವನ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಅತ್ತೆಗೆ ಆಗ ಕಣ್ಣು ಮಂಜು, ಮಂಡಿ ನೋವು. ಬರುವುದು ಬೇಡ ಎಂದು ನನ್ನ ಗಂಡ ಹೇಳಿದರೂ ಕೇಳದೆ ಹೊರಟರು. ಗಂಡಿನ ಕಡೆಯ ಹೆಂಗಸೊಬ್ಬಳು, ಕುರ್ಚಿಯ ಮೇಲೆ ಕೂತ ಈ ಬಿಳಿ ಸೀರೆಯ ಮುದುಕಿ ಯಾರು ಎಂದು ಕೇಳಿದಳು. ಹುಡುಗಿಯ ತಾಯಿ ತಟ್ಟನೆ, "ನಮ್ಮಕ್ಕ," ಅಂದಳು. ಆ ಹೆಂಗಸು ಇಬ್ಬರ ಮುಖಗಳನ್ನೂ ನೋಡಿದಳು. ತಾಯಿ ಅಕ್ಷತೆಯ ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದಳು.

ಹಿಂದಿರುಗುವಾಗ ಜಟಕಾದಲ್ಲಿ ಅತ್ತೆ ನನ್ನ ಪಕ್ಕ ಒರಗಿ ಕೂತಿದ್ದರು. ದಾರಿಯುದ್ದಕ್ಕೂ ವಿಚಾರಣೆ. ಹುಡುಗ ಕುಡಿಯುವುದಿಲ್ಲ ತಾನೇ? ಗಂಡಿನ ಮನೆಯಲ್ಲಿ ನೀರಿನ ಕೊಳಾಯಿ ಒಳಗಿದೆಯೋ ಹೊರಗೋ? ಹೊಲಿಗೆ ಮಿಷನ್ನು ಇಡಲು ಬೆಳಕಿರುವ ಜಾಗ ಇದೆಯೋ? ನಾನು ನೋಡಿದಷ್ಟನ್ನು ಹೇಳಿದೆ. ಕುದುರೆ ಸೇತುವೆಯ ಮೇಲೆ ನಿಧಾನವಾಯಿತು. ಕೆಳಗೆ ಭದ್ರಾ ನದಿ ತುಂಬಿ ಹರಿಯುತ್ತಿತ್ತು. "ಆ ಹುಡುಗಿ ಇವತ್ತು ಸರಿಯಾಗಿ ಊಟ ಮಾಡಿದ್ಲಾ? ಮದುಮಗಳನ್ನ ಯಾರೂ ಕೇಳಲ್ಲ," ಅಂದರು.

"ಮಾಡಿದ್ಲು ಅತ್ತೆ. ನಾನೇ ಪಕ್ಕದಲ್ಲಿ ಕೂತು ಮಾಡಿಸ್ದೆ."

"ಹಾಗಾದ್ರೆ ಸರಿ," ಎಂದು ಅವರು ಕಣ್ಣು ಮುಚ್ಚಿದರು. ಜಟಕಾದವನಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ದೇವರಿಗೆ ಮದುವೆಯ ಊಟದ ಪಟ್ಟಿ ಒಪ್ಪಿಸತೊಡಗಿದರು. ಪಾಯಸಕ್ಕೆ ಬೆಲ್ಲ ಸ್ವಲ್ಪ ಕಡಿಮೆಯಾಗಿತ್ತು ಎಂದೂ ಸೇರಿಸಿದರು.